ದೀಕ್ಷಿತ್ ಶೆಟ್ಟಿ ಸುಮ್ಮನೆ ನಿಂತಾಗಲೇ ಜಾಸ್ತಿ ಹೆದರಿಸುತ್ತಾನೆ, ಅಲ್ವಾ?

ಹಾರ್ಮೋನಿಯಂ ಮೊಮ್ಮಗ (ಗುಬ್ಬಿ)

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಮೂರ್ನಾಲ್ಕು ಸಿನಿಮಾದ ಕಥೆ ಬಯಲಾಗುತ್ತದೆ. ನೋಡಿಲ್ಲದವರು ಇಲ್ಲಿಂದಲೇ ವಾಪಸ್ ಹೋಗಿ. ನಟನಿಗೆ ಏಕವಚನ ಹಾಕಿದ್ದೇನೆ. ಅದು ಸಲಿಗೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ತಾತ ಹಾರ್ಮೋನಿಯಂ ಮೇಷ್ಟ್ರು. ಗುಬ್ಬಿ ಸುತ್ತಮುತ್ತಲ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸುತ್ತಿದ್ದರು. ನಾನು ಆ ಪೆಟ್ಟಿಗೆ ಪಕ್ಕದಲ್ಲೇ ಮಲಗಿ ಬೆಳೆದವನು. ಹಾಗಾಗಿ ಆ್ಯಕ್ಟಿಂಗ್ ಅಂದರೆ ನನ್ನ ಲೆಕ್ಕದಲ್ಲಿ, ಕೊನೆಯಲ್ಲಿ ಚಾಪೆ ಹಾಸಿಕೊಂಡು ಕೂತ ಅಜ್ಜಿಗೂ ಮಾತು ಕೇಳಬೇಕು. ಎದೆ ತಟ್ಟಬೇಕು, ಗದೆ ತಿರುಗಿಸಬೇಕು, ಪದ್ಯ ಎಳೆದರೆ ಒನ್ಸ್ ಮೋರ್ ಬರಬೇಕು. ಸಿನಿಮಾಗೆ ಹೋದಾಗಲೂ ನಾನು ಹುಡುಕುತ್ತಿದ್ದದ್ದು ಅದನ್ನೇ.

ಮೊನ್ನೆ ‘ದಿ ಗರ್ಲ್‌ಫ್ರೆಂಡ್’ ನೋಡಿದೆ. 2025ರ ನವೆಂಬರ್‌ನಲ್ಲಿ ಬಂದ ತೆಲುಗು ಸಿನಿಮಾ, ರಾಹುಲ್ ರವೀಂದ್ರನ್ ನಿರ್ದೇಶನ. ರಶ್ಮಿಕಾ ಮಂದಣ್ಣ ಭೂಮಾ, ನಮ್ಮ ದೀಕ್ಷಿತ್ ವಿಕ್ರಮ್. ಅದರಲ್ಲಿ ವಿಕ್ರಮ್ ಆ ಹುಡುಗಿಯನ್ನು ಮನೆಗೆ ಕರೆದುಕೊಂಡು ಹೋಗಿ ತಾಯಿಯನ್ನು ತೋರಿಸುತ್ತಾನೆ. ತಾಯಿ ಪಾತ್ರ ರೋಹಿಣಿಯವರದು. ಆ ಹೆಂಗಸು ಬಾಯಿ ಬಿಡುವುದೇ ಇಲ್ಲ. ಹೆದರಿದ ಹಸುವಿನ ಹಾಗೆ ನಿಂತಿರುತ್ತಾಳೆ. ಎಲ್ಲರೂ ರೋಹಿಣಿಯವರನ್ನು ಹೊಗಳಿದರು, ಹೊಗಳಬೇಕಾದ್ದೇ. ಆದರೆ ನಾನು ದೀಕ್ಷಿತ್‌ನನ್ನೇ ನೋಡುತ್ತಿದ್ದೆ. ಅವನಿಗೆ ಅಲ್ಲಿ ಏನೂ ವಿಚಿತ್ರ ಅನ್ನಿಸುತ್ತಿಲ್ಲ! ಅಮ್ಮ ಅಂದರೆ ಹೀಗೇ ಇರೋದು ಅನ್ನುವ ಹಾಗೆ ಆರಾಮಾಗಿದ್ದಾನೆ. ಹುಬ್ಬು ಗಂಟಿಕ್ಕಲಿಲ್ಲ, ಕಣ್ಣು ಕೆಂಪು ಮಾಡಲಿಲ್ಲ. ನನಗೆ ಮೈ ಜುಮ್ಮೆಂದಿತು.

ಆ ಸಿನಿಮಾದಲ್ಲಿ ಅವನು ಮುಂದೆ ಕೂಗಾಡುವುದೂ ಇದೆ. ಅದು ಯಾರಾದರೂ ಮಾಡುತ್ತಾರೆ. ಈ ಆರಾಮು ಇದೆಯಲ್ಲ, ಅದು ಎಲ್ಲಿಂದ ಬಂತು? ಈಗಿನ ಹುಡುಗರಲ್ಲಿ ಇವನಷ್ಟು ಗಟ್ಟಿ ಪಾತ್ರ ಮಾಡುತ್ತಿರುವವರು ಯಾರಿದ್ದಾರೆ? ಹೇಳಿ, ಜಗಳ ಆಡೋಣ.

ಪಾವಗಡ ಬಿಸಿಲು

ಗುರೂ, ನನ್ನ ಕಥೆ ಕೇಳು. 2023ರ ಮಾರ್ಚ್‌ನಲ್ಲಿ ‘ದಸರಾ’ ಬಂದಾಗ ಹಿಂದೂಪುರಕ್ಕೆ ಹೋಗಿ ನೋಡಿದೆ. ಪಾವಗಡದವರಿಗೆ ತೆಲುಗು ಸಿನಿಮಾ ಅಂದರೆ ಪಕ್ಕದ ಬೀದಿ, ನಿಮಗೆಲ್ಲ ಗೊತ್ತಲ್ಲ. ತೆಲುಗು ಹೀರೋ ನಾನಿ ಸಿನಿಮಾ ಅಂತ ಹೋಗಿದ್ದು. ಸೂರಿ ಪಾತ್ರದ ಹುಡುಗ ಯಾರೋ ತೆಲಂಗಾಣದವನೇ ಅಂದುಕೊಂಡೆ. ಕಲ್ಲಿದ್ದಲ ಗಣಿ ಪಕ್ಕದ ಹಳ್ಳಿ, ಮೈಮೇಲೆಲ್ಲ ಮಸಿ, ಲುಂಗಿ. ಇಂಟರ್‌ವಲ್‌ನಲ್ಲಿ ಪಕ್ಕದಲ್ಲಿ ಕೂತ ಮಧುಗಿರಿ ಹುಡುಗ ಹೇಳಿದ, ‘ಅಣ್ಣಾ, ಅವನು ನಮ್ಮ ಕನ್ನಡದವನು, ದಿಯಾ ಹೀರೋ’ ಅಂತ. ನನಗೆ ನಾಚಿಕೆ ಆಯಿತು ಮಾರಾಯ.

ಸೂರಿ ಮದುವೆ ಆದ ರಾತ್ರಿಯೇ ಸಾಯುತ್ತಾನೆ. ಆಮೇಲಿನ ಇಡೀ ಸಿನಿಮಾ ನಾನಿಯದು. ಆದರೆ ನಾನಿ ಕತ್ತಿ ಹಿಡಿದಾಗ ನಮಗೆ ಸಿಟ್ಟು ಬರಬೇಕಾದರೆ ಸೂರಿ ಮೇಲೆ ಅಷ್ಟು ಪ್ರೀತಿ ಹುಟ್ಟಿರಬೇಕು. ಅದನ್ನು ದೀಕ್ಷಿತ್ ಅರ್ಧ ಸಿನಿಮಾದಲ್ಲೇ ಮಾಡಿ ಮುಗಿಸಿದ. ರಾತ್ರಿ ಕಲ್ಲಿದ್ದಲ ಊರಿನ ಕಥೆ ನೋಡಿ ಬಂದು, ಬೆಳಗ್ಗೆ ತಿರುಮಣಿ ಸೋಲಾರ್ ಪಾರ್ಕ್‌ನಲ್ಲಿ ಡ್ಯೂಟಿ. ಪ್ಲೇಟ್ ಒರೆಸುವಾಗಲೆಲ್ಲ ಅವನ ಮುಖವೇ ನೆನಪಾಗುತ್ತಿತ್ತು.

ತಟ್ಟೆ ಇಡ್ಲಿ (ಕ್ಯಾತ್ಸಂದ್ರ)

ಎಲ್ಲರೂ ಒಟ್ಟಿಗೆ ಹೊಗಳುತ್ತಿದ್ದೀರಿ, ಒಬ್ಬನಾದರೂ ಎದುರು ನಿಲ್ಲಬೇಕಲ್ಲ. ನಾನೇ ನಿಲ್ಲುತ್ತೇನೆ.

ಹುಡುಗ ಚೆನ್ನಾಗಿ ಮಾಡುತ್ತಾನೆ, ಇಲ್ಲ ಅನ್ನಲ್ಲ. ಆದರೆ ಲೆಕ್ಕ ನೋಡಿ. ‘ದಿಯಾ’ ಅಂದರೆ ಜನಕ್ಕೆ ನೆನಪಾಗುವುದು ಖುಷಿ ರವಿ ಮತ್ತೆ ಪೃಥ್ವಿ ಅಂಬಾರ್. ‘ದಸರಾ’ ನಾನಿಯದು. ‘ಗರ್ಲ್‌ಫ್ರೆಂಡ್’ ರಶ್ಮಿಕಾದು. ಊಟದಲ್ಲಿ ಚಟ್ನಿ ಎಷ್ಟೇ ಚೆನ್ನಾಗಿದ್ದರೂ ಜನ ಇಡ್ಲಿ ತಿಂದೆ ಅಂತಲೇ ಹೇಳುತ್ತಾರೆ. ಹೀರೋ ಅಂದ ಮೇಲೆ ಎಂಟ್ರಿಗೆ ಶಿಳ್ಳೆ ಬೀಳಬೇಕು. ಇವನಿಗೆ ಶಿಳ್ಳೆ ಬಿದ್ದದ್ದು ನಾನು ಕೇಳಿಲ್ಲ.

ಶಿರಾ ಗೇಟ್

ಇಡ್ಲಿ ಅಣ್ಣಾ, ದಿಯಾ ವಿಷಯಕ್ಕೆ ಬಂದಿದ್ದೀರಿ, ಬಿಡುವುದಿಲ್ಲ.

ಆ ಸಿನಿಮಾ ಬಂದದ್ದು 2020ರ ಫೆಬ್ರವರಿಯಲ್ಲಿ. ‘6-5=2’ ಮಾಡಿದ ಕೆ. ಎಸ್. ಅಶೋಕ ಅವರದು. ನಾನು ನೋಡೋಣ ಅನ್ನುವಷ್ಟರಲ್ಲಿ ಎತ್ತಂಗಡಿ. ಮಾರ್ಚ್‌ನಲ್ಲಿ ಕೊರೊನಾ ಬಂತು, ಎಲ್ಲ ಟಾಕೀಸ್ ಬಾಗಿಲು ಹಾಕಿದವು. ಆಮೇಲೆ ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ನೋಡಿದವರೇ ಆ ಸಿನಿಮಾವನ್ನು ಹೊತ್ತು ಮೆರೆಸಿದ್ದು. ನಮ್ಮ ಮನೆಯಲ್ಲಿ ನಾಲ್ಕು ಜನ ಒಂದೇ ಫೋನ್ ಹಿಡಿದು ನೋಡಿದೆವು.

ಈಗ ದೀಕ್ಷಿತ್ ಮಾಡಿದ ರೋಹಿತ್ ಪಾತ್ರ ನೆನಪು ಮಾಡಿಕೊಳ್ಳಿ. ಮೊದಲರ್ಧದಲ್ಲಿ ದಿಯಾ ಮನಸ್ಸಿನಲ್ಲೇ ಪ್ರೀತಿಸುವ ಹುಡುಗ. ಆಮೇಲೆ ಆ್ಯಕ್ಸಿಡೆಂಟ್, ಸತ್ತ ಅಂತ ಸುದ್ದಿ. ಆ ಹುಡುಗಿ ಕುಸಿದು ಹೋಗುತ್ತಾಳೆ. ಆಗ ಆದಿ, ಅಂದರೆ ಪೃಥ್ವಿ, ಬರುತ್ತಾನೆ, ಮೆಲ್ಲಗೆ ಅವಳನ್ನು ನಗಿಸುತ್ತಾನೆ, ನಾವೂ ಆದಿ ಕಡೆ ವಾಲುತ್ತೇವೆ. ಇನ್ನೇನು ಎಲ್ಲ ಸರಿ ಹೋಯಿತು ಅನ್ನುವಾಗ ರೋಹಿತ್ ಬದುಕಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ.

ನಮ್ಮಕ್ಕ ಆಗ ಏನು ಅಂದಳು ಗೊತ್ತಾ? ‘ಇವನ್ಯಾಕೆ ಬಂದ ಈಗ!’ ಸಾವನ್ನು ಗೆದ್ದು ಬಂದವನಿಗೆ ಈ ಮಾತು. ಅವನದ್ದು ಒಂದೇ ಒಂದು ತಪ್ಪಿಲ್ಲ. ಪ್ರೀತಿಸಿದ ಹುಡುಗಿಯನ್ನು ಹುಡುಕಿಕೊಂಡು ಬಂದಿದ್ದಾನೆ ಅಷ್ಟೇ. ನಮಗೆ ಸಿಟ್ಟು ಬರುತ್ತದೆ, ಆದರೆ ಅವನನ್ನು ದ್ವೇಷಿಸಲು ಆಗುವುದಿಲ್ಲ. ಆ ತಕ್ಕಡಿ ಒಂದು ಗುಲಗಂಜಿ ಆಚೆ ಈಚೆ ಆದರೂ ಸಿನಿಮಾ ಕೆಡುತ್ತಿತ್ತು. ಪೃಥ್ವಿಗೆ ನಮ್ಮ ಪ್ರೀತಿ ಸುಲಭಕ್ಕೆ ಸಿಕ್ಕಿತು. ಕಷ್ಟದ ಕೆಲಸ ದೀಕ್ಷಿತ್ ಪಾಲಿಗೆ ಬಂತು. ಇದನ್ನು ಚಟ್ನಿ ಅಂತೀರಾ?

ತಟ್ಟೆ ಇಡ್ಲಿ (ಕ್ಯಾತ್ಸಂದ್ರ)

ಚಟ್ನಿ ಮಾತು ವಾಪಸ್. ಶಿಳ್ಳೆ ಮಾತು ವಾಪಸ್ ಇಲ್ಲ.

ಹಾಸ್ಟೆಲ್ ರೂಮ್

ನಾನು ಎಂ.ಎ. ಓದುತ್ತಿದ್ದೇನೆ, ತುಮಕೂರಿನಲ್ಲೇ. ಹಾಸ್ಟೆಲ್‌ನಿಂದ ಆರು ಜನ ಹುಡುಗಿಯರು ‘ಗರ್ಲ್‌ಫ್ರೆಂಡ್’ ನೋಡಿದೆವು. ಭೂಮಾ ಕೂಡ ಎಂ.ಎ., ಹಾಸ್ಟೆಲ್, ಮನೆಯಲ್ಲಿ ಅಪ್ಪನ ಹಿಡಿತ. ಅರ್ಧ ಕಥೆ ನಮ್ಮದೇ ಅನ್ನಿಸಿತು.

ಗುಬ್ಬಿಯ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೇರೆ ನಟರು ಇಂಥ ಪಾತ್ರ ಮಾಡುವಾಗ ‘ನಾನು ಕೆಟ್ಟವನು, ನೋಡಿ’ ಅಂತ ನಮಗೆ ಒಂದು ಸುಳಿವು ಕೊಡುತ್ತಾರೆ. ಓರೆ ನಗೆಯೋ, ಕಣ್ಣಲ್ಲಿ ಒಂದು ಮಿಂಚೋ. ದೀಕ್ಷಿತ್ ಅದನ್ನು ಕೊಡುವುದಿಲ್ಲ. ವಿಕ್ರಮ್‌ಗೆ ತಾನು ಒಳ್ಳೆಯ ಹುಡುಗ ಅಂತ ಪೂರ್ತಿ ನಂಬಿಕೆ. ‘ನಿನಗೋಸ್ಕರ ತಾನೇ ಮಾಡಿದ್ದು’ ಅನ್ನುವ ಮುಖ. ಮೊದಮೊದಲು ನಮ್ಮ ರೂಮಿನ ಇಬ್ಬರಿಗೆ ಅವನು ಇಷ್ಟ ಆಗಿದ್ದ! ಎಷ್ಟು ಕಾಳಜಿ ಅಂತ. ಇಂಟರ್‌ವಲ್ ಆದ ಮೇಲೆ ಒಬ್ಬಳು ಮಾತೇ ಆಡಲಿಲ್ಲ. ವಾಪಸ್ ಬರುವಾಗ ಆಟೋದಲ್ಲಿ ಅವಳ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಎತ್ತಲಿಲ್ಲ. ನಾವೂ ಕೇಳಲಿಲ್ಲ.

ಒನ್ ಬೈ ಟು

ಎಲ್ಲ ಸರಿ, ಆದರೆ ಆ ವಿಕ್ರಮ್ ಅಷ್ಟು ಕೆಟ್ಟದ್ದು ಏನು ಮಾಡಿದ ಅಂತ ನನಗಿನ್ನೂ ಅರ್ಥ ಆಗಿಲ್ಲ. ಹುಡುಗಿಗೆ ಜಗಳ ಆಡಿ ಸಪೋರ್ಟ್ ಮಾಡುತ್ತಾನೆ, ಮದುವೆ ಆಗುತ್ತೇನೆ ಅನ್ನುತ್ತಾನೆ, ಮನೆಗೂ ಕರೆದುಕೊಂಡು ಹೋಗುತ್ತಾನೆ. ಬೇರೆಯವರ ಹಾಗೆ ಕೈ ಕೊಟ್ಟು ಹೋಗಲಿಲ್ಲ. ಸ್ವಲ್ಪ ಪೊಸೆಸಿವ್, ಅಷ್ಟೇ. ಇದಕ್ಕೆಲ್ಲ ವಿಲನ್ ಮಾಡಿದರೆ ನಾವು ಹುಡುಗರು ಪ್ರೀತಿ ಮಾಡುವುದೇ ಬೇಡವಾ?

ಹಾಸ್ಟೆಲ್ ರೂಮ್

ನೀವು ಇದನ್ನು ಕೇಳಿದ್ದೇ ಆ ನಟನಿಗೆ ಸಿಕ್ಕ ದೊಡ್ಡ ಮೆಚ್ಚುಗೆ ಸಾರ್.

ಅವಳನ್ನು ಯಾವತ್ತಾದರೂ ‘ನಿನಗೇನು ಬೇಕು’ ಅಂತ ಅವನು ಕೇಳಿದ್ದಾನಾ? ಇನ್ನೊಂದು ಸಲ ನೋಡಿ, ಎಣಿಸಿ.

ಒನ್ ಬೈ ಟು

ಮೇಡಂ, ನಾನು ಜಗಳಕ್ಕೆ ಬಂದಿಲ್ಲ. ಕೇಳಿದೆ ಅಷ್ಟೇ.

ಕೊಬ್ಬರಿ ಮೇಷ್ಟ್ರು (ತಿಪಟೂರು)

ನಿವೃತ್ತ ಕನ್ನಡ ಮೇಷ್ಟ್ರು ನಾನು. ಟೈಪ್ ಮಾಡುವುದು ನಿಧಾನ, ಬೆಳಗ್ಗೆಯಿಂದ ಇದನ್ನೇ ಬರೆಯುತ್ತಿದ್ದೇನೆ. ಉದ್ದ ಆದರೆ ಕ್ಷಮೆ ಇರಲಿ.

ಮಕ್ಕಳೇ, ಇಲ್ಲಿ ದುರ್ಯೋಧನ ಯಾರಿಗೂ ನೆನಪಾಗಲಿಲ್ಲವಲ್ಲ! ಗುಬ್ಬಿಯ ಹುಡುಗನಿಗಾದರೂ ಆಗಬೇಕಿತ್ತು. ನಮ್ಮ ಕಡೆ ಕುರುಕ್ಷೇತ್ರ ಆಡುವಾಗ ಪಾತ್ರಕ್ಕೆ ಇಷ್ಟು ಅಂತ ದುಡ್ಡು ಹಾಕಬೇಕು ತಾನೇ? ಧರ್ಮರಾಯನಿಗೆ ಯಾರೂ ಜಗ್ಗಾಡುವುದಿಲ್ಲ. ದುರ್ಯೋಧನನ ಪಾತ್ರಕ್ಕೆ ಊರಿನ ಗೌಡರ ಮಗನೂ, ಸೊಸೈಟಿ ಅಧ್ಯಕ್ಷರೂ ಪೈಪೋಟಿ ಬೀಳುತ್ತಾರೆ. ಯಾಕೆ? ಆ ಪಾತ್ರಕ್ಕೆ ತಾನು ಸರಿ ಅನ್ನುವ ಗತ್ತು ಇದೆ. ರನ್ನನ ಕಾಲದಿಂದಲೂ ಕನ್ನಡದವರಿಗೆ ಅವನ ಮೇಲೊಂದು ಮರುಕ. ನಾನು ನೋಡಿದ ಒಬ್ಬ ದುರ್ಯೋಧನನೂ ‘ನಾನು ಕೆಟ್ಟವನು’ ಅಂತ ಆಡಿಲ್ಲ. ಬೆಳಗಿನ ಜಾವ ತೊಡೆ ಮುರಿಸಿಕೊಂಡು ಬಿದ್ದಾಗ, ಚಾಪೆ ಮೇಲೆ ಕೂತ ಹೆಂಗಸರು ಸೆರಗಲ್ಲಿ ಕಣ್ಣೊರೆಸುತ್ತಿದ್ದರು.

ಹಾಗಾಗಿ ಹಾಸ್ಟೆಲ್‌ನ ಮಗಳು ಹೇಳಿದ್ದು ಹೊಸದಲ್ಲ. ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ದುರ್ಯೋಧನ ತನ್ನ ಛಲವನ್ನು ಪದ್ಯದಲ್ಲಿ ಹಾಡಿ ಹೇಳುತ್ತಾನೆ. ಹಾರ್ಮೋನಿಯಂ ಇದೆ, ತಬಲ ಇದೆ, ಮೇಲೆ ಝಗಮಗಿಸುವ ಕಿರೀಟ. ಈ ಹುಡುಗನಿಗೆ ಇರುವುದು ಕ್ಯಾಮೆರಾ ಒಂದೇ. ಅದು ಮೂಗಿನ ಮುಂದೆ ಬಂದು ನಿಲ್ಲುತ್ತದೆ. ಅಲ್ಲಿ ಎದೆ ತಟ್ಟಿಕೊಂಡರೆ ನಗು ಬರುತ್ತದೆ.

ಇನ್ನೊಂದು ಮಾತು, ಇವನು ಎಲ್ಲಿಂದ ಬಂದ ಅನ್ನುವುದಕ್ಕೆ. ನಮ್ಮ ಜಿಲ್ಲೆಯ ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ರಾಜ್‌ಕುಮಾರ್ ಅಲ್ಲಿ ಪಳಗಿದವರು, ನಮ್ಮ ತಿಪಟೂರಿನ ನರಸಿಂಹರಾಜು ಅಲ್ಲಿದ್ದವರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಇಬ್ಬರೂ ಪರದೆ ಮೇಲೆ ಬಂದಾಗ ಸಾವಿರಾರು ರಾತ್ರಿಗಳ ಅಭ್ಯಾಸ ಬೆನ್ನಿಗಿತ್ತು. ಈಗ ಅಂಥ ಕಂಪನಿಗಳು ಅಪರೂಪ. ಈಗಿನ ಹುಡುಗರ ಗರಡಿ ಮನೆ ಸೀರಿಯಲ್. ದೀಕ್ಷಿತ್ ‘ನಾಗಿಣಿ’ ಧಾರಾವಾಹಿಯಲ್ಲಿ ಇದ್ದವನು, 2016ರಿಂದ. ಯಶ್ ಕೂಡ ಸೀರಿಯಲ್‌ನಿಂದ ಬಂದವನೇ. ಬೆಳಗ್ಗೆ ಕೈಗೆ ಹಾಳೆ ಕೊಡುತ್ತಾರೆ, ಮಧ್ಯಾಹ್ನದೊಳಗೆ ಅಳಬೇಕು, ಸಂಜೆ ಮದುವೆ ಸೀನ್. ಸೀರಿಯಲ್ ಅಂದರೆ ಮೂಗು ಮುರಿಯುತ್ತೇವೆ. ದಿನಾ ಕ್ಯಾಮೆರಾ ಮುಂದೆ ನಿಂತು ಭಯ ಹೋಗುವುದು ಸಣ್ಣ ವಿಷಯವಾ?

ಹಾರ್ಮೋನಿಯಂ ಮೊಮ್ಮಗ (ಗುಬ್ಬಿ)

ಮೇಷ್ಟ್ರೇ, ಕಾಲಿಗೆ ಬಿದ್ದೆ. ದುರ್ಯೋಧನನ ಪಾತ್ರಕ್ಕೆ ನಮ್ಮೂರಲ್ಲಿ ಒಂದು ಸಲ ಅಣ್ಣ ತಮ್ಮಂದಿರೇ ಜಗಳ ಆಡಿಕೊಂಡು, ಕೊನೆಗೆ ಒಬ್ಬ ಮೊದಲರ್ಧ, ಇನ್ನೊಬ್ಬ ಕೊನೆಯರ್ಧ ಮಾಡಿದರು. ಒಬ್ಬ ಐದೂಮುಕ್ಕಾಲು ಅಡಿ, ಇನ್ನೊಬ್ಬ ಐದಡಿ. ರಾತ್ರಿ ಎರಡು ಗಂಟೆಗೆ ಕೌರವೇಶ್ವರ ಇದ್ದಕ್ಕಿದ್ದ ಹಾಗೆ ಕುಳ್ಳಗಾದ. ಜನಕ್ಕೆ ಏನೂ ಅನ್ನಿಸಲಿಲ್ಲ, ಪದ್ಯ ಚೆನ್ನಾಗಿತ್ತು.

ಅಂಥ ಕಡೆಯಿಂದ ಬಂದವನಿಗೆ ಈ ಸದ್ದಿಲ್ಲದ ನಟನೆ ಹಿಡಿಯಲು ಇಷ್ಟು ವರ್ಷ ಬೇಕಾಯಿತು ನೋಡಿ.

ಸೈನೈಡ್ ಗುಡ್ಡ (ಕೆಜಿಎಫ್)

ಕೋಲಾರದವನು ಬಂದಿದ್ದೇನೆ, ಓಡಿಸಬೇಡಿ. ‘ದಸರಾ’ ಬಗ್ಗೆ ಒಂದೇ ಮಾತು. ನಮ್ಮಪ್ಪ 2001ರಲ್ಲಿ ಗಣಿ ಮುಚ್ಚುವವರೆಗೂ ಕೆಲಸ ಮಾಡಿದವರು. ಗಣಿ ಊರಿನ ಹುಡುಗರಿಗೆ ಒಂದು ನಡಿಗೆ ಇರುತ್ತದೆ. ಎರಡೂ ಕೈ ಸ್ವಲ್ಪ ದೂರ ಬಿಟ್ಟು, ಏನೂ ಮುಟ್ಟಿ ಕೊಳೆ ಮಾಡಬಾರದು ಅನ್ನುವ ಹಾಗೆ. ಸೂರಿಯಲ್ಲಿ ಅದು ಕಂಡಿತು. ಕಲಿಸಿದರೋ, ತಾನೇ ನೋಡಿ ಹಿಡಿದನೋ, ನಮ್ಮಪ್ಪ ಮಾತ್ರ ‘ಈ ಹುಡುಗ ಕೆಲಸಗಾರನ ಮಗನೇನೋ’ ಅಂದರು.

ಬಿ. ಎಚ್. ರೋಡ್

ನನ್ನದು ಬೇರೆ ಸಂಕಟ. ಎಲ್ಲರೂ ತೆಲುಗು ಸಿನಿಮಾದ್ದೇ ಹೇಳುತ್ತಿದ್ದೀರಿ. ‘ಬ್ಲಿಂಕ್’ ನೋಡಿದವರು ಇಲ್ಲಿ ಎಷ್ಟು ಜನ?

2024ರ ಮಾರ್ಚ್‌ನಲ್ಲಿ ಬಂತು. ಶ್ರೀನಿಧಿ ಬೆಂಗಳೂರು ಅನ್ನುವ ಹೊಸ ನಿರ್ದೇಶಕ. ಕಣ್ಣು ಮಿಟುಕಿಸುವುದಕ್ಕೂ ಕಾಲದಲ್ಲಿ ಹಿಂದೆ ಮುಂದೆ ಓಡಾಡುವುದಕ್ಕೂ ಗಂಟು ಹಾಕಿದ ಕಥೆ. ಮೊದಲ ದಿನ ಒಂದು ಟಾಕೀಸ್‌ಗೆ ಹೋದೆ, ಹೆಸರು ಬೇಡ. ಇದ್ದದ್ದು ನಾವು ಏಳು ಜನ. ‘ಹತ್ತಾದರೂ ಆಗಲಿ, ಆಮೇಲೆ ಹಾಕುತ್ತೇವೆ’ ಅಂದರು. ಅರ್ಧ ಗಂಟೆ ಕಾದೆವು. ಹೊರಗೆ ಟೀ ಕುಡಿಯುತ್ತಿದ್ದ ಇಬ್ಬರನ್ನು ನಾವೇ ಹೋಗಿ ಕರೆದೆವು, ಟಿಕೆಟ್ ನಾವೇ ಕೊಡಿಸುತ್ತೇವೆ ಅಂತ. ಒಬ್ಬ ಬಂದ. ಎಂಟಾಯಿತು. ದುಡ್ಡು ವಾಪಸ್ ಕೊಟ್ಟು ಕಳಿಸಿದರು. ಮಾರನೇ ವಾರ ಬೆಂಗಳೂರಿಗೆ ಕೆಲಸ ಇದೆ ಅಂತ ಸುಳ್ಳು ಹೇಳಿ ಬಸ್ ಹತ್ತಿ ಅಲ್ಲಿ ನೋಡಿ ಬಂದೆ.

ಮೊದಲರ್ಧ ತಲೆ ಕೆಡುತ್ತದೆ, ಸುಳ್ಳು ಯಾಕೆ. ಯಾವ ಕಾಲದಲ್ಲಿ ಇದ್ದೇವೆ ಅನ್ನುವುದೇ ತಿಳಿಯುವುದಿಲ್ಲ. ಆದರೆ ದೀಕ್ಷಿತ್ ಮುಖ ಹಿಡಿದುಕೊಂಡರೆ ದಾರಿ ಸಿಗುತ್ತದೆ. ಅವನ ಪಾತ್ರದ ಹೆಸರು ಅಪೂರ್ವ. ಕಥೆ ಗೊತ್ತಿರುವ ಅಪೂರ್ವ, ಗೊತ್ತಿಲ್ಲದ ಅಪೂರ್ವ, ಇಬ್ಬರನ್ನೂ ಅಂಗಿ ಬದಲಿಸದೆ ಬರೀ ಕಣ್ಣಲ್ಲೇ ತೋರಿಸುತ್ತಾನೆ. ನನಗೆ ಅವನ ಕೆಲಸದಲ್ಲಿ ಇದೇ ಮೇಲು. ವಿಕ್ರಮ್‌ಗಿಂತಲೂ.

ಪಾವಗಡ ಬಿಸಿಲು

ಅದನ್ನೇ ನಾನು ಹೇಳುವುದು! ನಮ್ಮ ಹುಡುಗ ಒಳ್ಳೆ ಸಿನಿಮಾ ಮಾಡಿದರೆ ಎಂಟು ಜನ. ಅದೇ ಹುಡುಗ ಪಕ್ಕದ ರಾಜ್ಯಕ್ಕೆ ಹೋದರೆ ಹೌಸ್‌ಫುಲ್. ಆಮೇಲೆ ನಾವು ‘ನಮ್ಮವನು, ನಮ್ಮವನು’ ಅನ್ನುವುದು. ಸೂರಿ ಥರದ ಪಾತ್ರ ಕನ್ನಡದಲ್ಲಿ ಅವನಿಗೆ ಯಾರು ಬರೆದರು?

ಶಿರಾ ಗೇಟ್

ರೋಹಿತ್ ಬರೆದವರು ಕನ್ನಡದವರೇ. ಅಪೂರ್ವ ಬರೆದವರೂ ಕನ್ನಡದವರೇ. ಬರೆದಿಲ್ಲ ಅಂತ ಹೇಳಬೇಡ ಅಣ್ಣ, ನೋಡಲಿಲ್ಲ ಅಂತ ಹೇಳು. ನೀನು ‘ಬ್ಲಿಂಕ್’ ನೋಡಿದ್ದೀಯಾ?

ಪಾವಗಡ ಬಿಸಿಲು

...ಇಲ್ಲ.

ಬಿ. ಎಚ್. ರೋಡ್

ನಿನ್ನನ್ನೂ ಕರೆದಿದ್ದರೆ ಒಂಬತ್ತಾಗುತ್ತಿತ್ತು.

ತಟ್ಟೆ ಇಡ್ಲಿ (ಕ್ಯಾತ್ಸಂದ್ರ)

ಹತ್ತನೆಯವನು ನಾನು. ಅದೇ ಸಮಯಕ್ಕೆ ಕ್ಯಾತ್ಸಂದ್ರದಲ್ಲಿ ಇಡ್ಲಿ ತಿನ್ನುತ್ತಾ ಕೂತಿದ್ದೆ ಅನ್ನಿಸುತ್ತದೆ.

ಸರಿ, ಒಪ್ಪಿದೆ. ಆದರೆ ನನ್ನ ಶಿಳ್ಳೆ ವಾದವನ್ನು ಸುಮ್ನೆ ತಳ್ಳಬೇಡಿ. ಇವನು ‘ಬ್ಯಾಂಕ್ ಆಫ್ ಭಾಗ್ಯಲಕ್ಷ್ಮಿ’ ಅಂತ ಬ್ಯಾಂಕ್ ದರೋಡೆಯ ತಮಾಷೆ ಸಿನಿಮಾನೂ ಮಾಡಿದ. ಅಂದರೆ ಅವನಿಗೂ ಗೊತ್ತಿದೆ, ಬರೀ ಅಳಿಸುತ್ತಾ, ಹೆದರಿಸುತ್ತಾ ಇದ್ದರೆ ಟಾಕೀಸ್ ತುಂಬುವುದಿಲ್ಲ ಅಂತ. ನನ್ನ ಭಯ ಏನು ಅಂದರೆ, ಒಂದು ದಿನ ಯಾರೋ ಇವನ ಕೈಗೆ ಮಚ್ಚು ಕೊಟ್ಟು, ಹಿಂದೆ ಗಾಳಿ ಬಿಟ್ಟು, ನಿಧಾನಕ್ಕೆ ನಡೆಸುತ್ತಾರೆ. ಆಗ ನಾನೇ ಶಿಳ್ಳೆ ಹೊಡೆಯುತ್ತೇನೆ, ನೀವೇ ಬೈಯುತ್ತೀರಿ.

ಕೊಬ್ಬರಿ ಮೇಷ್ಟ್ರು (ತಿಪಟೂರು)

ಹೊಡೆಯಲಿ ಬಿಡಪ್ಪ. ಹೊಟ್ಟೆಪಾಡು ಇದೆ ಎಲ್ಲರಿಗೂ. ಗುಬ್ಬಿ ಕಂಪನಿಯವರೂ ಜನ ಬರಲಿ ಅಂತ ರಂಗದ ಮೇಲೆ ಆನೆ ಕುದುರೆ ತಂದವರು.

ಒನ್ ಬೈ ಟು

ಹಾಸ್ಟೆಲ್ ಮೇಡಂ, ನಿನ್ನೆ ರಾತ್ರಿ ಮತ್ತೆ ನೋಡಿದೆ. ಎಣಿಸಿದೆ. ಈಗ ಏನೂ ಬರೆಯುವುದಿಲ್ಲ, ಆಮೇಲೆ ಬರೆಯುತ್ತೇನೆ.

ಹಾರ್ಮೋನಿಯಂ ಮೊಮ್ಮಗ (ಗುಬ್ಬಿ)

ಎಲ್ಲರಿಗೂ ಥ್ಯಾಂಕ್ಸ್. ‘ಬ್ಲಿಂಕ್’ ಇವತ್ತೇ ನೋಡುತ್ತೇನೆ, ನಾನೂ ಗೈರುಹಾಜರಿಯವನೇ.

ಮನೆಯಲ್ಲಿ ನಡೆದದ್ದು ಒಂದು ಹೇಳುತ್ತೇನೆ. ನಮ್ಮಮ್ಮ ‘ನಾಗಿಣಿ’ ಬಿಡದೆ ನೋಡಿದವರು. ಅದರಲ್ಲಿ ದೀಕ್ಷಿತ್ ಹೆಸರು ಅರ್ಜುನ. ಇವತ್ತಿಗೂ ಟಿವಿಯಲ್ಲಿ ಅವನು ಕಂಡರೆ ‘ನಮ್ಮ ಅರ್ಜುನ’ ಅಂತಲೇ ಕರೆಯುತ್ತಾರೆ. ‘ಗರ್ಲ್‌ಫ್ರೆಂಡ್’ ಹಾಕಿದಾಗ ಅವರೂ ಬಂದು ಕೂತರು, ಅವರೆಕಾಯಿ ಸುಲಿಯುತ್ತಾ. ನಾನು ಮೇಲೆ ಹೇಳಿದೆನಲ್ಲ, ಆ ತಾಯಿ ಸೀನ್, ಅದು ಬಂತು. ಅಮ್ಮನ ಕೈ ನಿಂತಿತು. ಸ್ವಲ್ಪ ಹೊತ್ತಿಗೆ ‘ಒಲೆ ಮೇಲೆ ಹಾಲಿದೆ’ ಅಂತ ಎದ್ದು ಹೋದರು. ಒಲೆ ಮೇಲೆ ಹಾಲು ಇರಲಿಲ್ಲ, ನನಗೆ ಗೊತ್ತು.

ಸಿನಿಮಾ ಮುಗಿದ ಮೇಲೆ ಬಂದು, ಮೊರ ಎತ್ತಿಕೊಳ್ಳುತ್ತಾ ಒಂದೇ ಮಾತು ಕೇಳಿದರು.

‘ಆ ಹುಡುಗಿ ಅವನನ್ನು ಬಿಟ್ಟು ಬಂದಳಾ?’

ಬಂದಳಮ್ಮ ಅಂದೆ.